ಬಾಸೆಲ್‌ನಿಂದ ಬಲ್ಮಠಕ್ಕೆ: ದೇವಶಾಸ್ತ್ರ ವಿದ್ಯಾಸಂಸ್ಥೆಗಳ ಅಂತರರಾಷ್ಟ್ರೀಯ ಸಹಕಾರ ಮತ್ತು ಕನ್ನಡ

1. ಪ್ರಸ್ತಾವನೆ

ಯೂರೋಪಿನ ಉನ್ನತ ಶಿಕ್ಷಣ ಸಂಸ್ಥೆಗಳು ದೇಶದ ಗಡಿಗಳನ್ನು ದಾಟಿ ಪರಸ್ಪರ ಒಪ್ಪಂದ ಮಾಡಿಕೊಳ್ಳುವುದು ಇಂದು ಸಾಮಾನ್ಯ ಸಂಗತಿಯಾಗಿದೆ. 1999ರಲ್ಲಿ 29 ದೇಶಗಳ ಶಿಕ್ಷಣ ಮಂತ್ರಿಗಳು ಬೊಲೊನ್ಯಾದಲ್ಲಿ ಸಹಿ ಹಾಕಿದ ಘೋಷಣೆಯ ನಂತರ ಅಲ್ಲಿನ ಪದವಿಗಳು ಒಂದೇ ಬಗೆಯ ಮೆಟ್ಟಿಲುಗಳಲ್ಲಿ ಜೋಡಣೆಗೊಂಡವು. ಒಂದು ವರ್ಷದ ಪೂರ್ಣ ವ್ಯಾಸಂಗಕ್ಕೆ 60 ಕ್ರೆಡಿಟ್ ಎಂಬ ಅಳತೆ ನೆಲೆಗೊಂಡಿತು. ಸರಕಾರದ ವಿಶ್ವವಿದ್ಯಾನಿಲಯಗಳ ಜೊತೆಗೆ ಸಭೆಗಳೂ ಖಾಸಗಿ ಸಂಘಗಳೂ ನಡೆಸುವ ಕಾಲೇಜುಗಳು ಈ ವ್ಯವಸ್ಥೆಯೊಳಗೆ ಬಂದು, ವಿದ್ಯಾರ್ಥಿಗಳನ್ನೂ ಅಧ್ಯಾಪಕರನ್ನೂ ವಿನಿಮಯ ಮಾಡಿಕೊಳ್ಳತೊಡಗಿದವು. ನಮ್ಮ ಸೆಮಿನರಿಗಳಲ್ಲಿಯೂ ಇಂಥ ಸಹಕಾರದ ಮಾತು ಆಗಾಗ ಕೇಳಿಬರುತ್ತದೆ.

ಇದನ್ನು ಹೊಸ ಕಾಲದ ಹೊಸ ಅವಕಾಶವೆಂದು ಭಾವಿಸುವವರು ನಮ್ಮಲ್ಲಿ ಅನೇಕರಿದ್ದಾರೆ. ಚರಿತ್ರೆ ಬೇರೆಯದನ್ನು ಹೇಳುತ್ತದೆ. ಕನ್ನಡ ನಾಡಿನ ದೇವಶಾಸ್ತ್ರ ಶಿಕ್ಷಣವು ಹುಟ್ಟಿದ್ದೇ ಖಾಸಗಿ ವಿದ್ಯಾಸಂಸ್ಥೆಗಳ ಅಂತರರಾಷ್ಟ್ರೀಯ ಸಹಕಾರದಿಂದ. ಆದುದರಿಂದ ಸಹಕಾರ ಬೇಕೋ ಬೇಡವೋ ಎಂಬುದು ನಮ್ಮ ಮುಂದಿರುವ ಪ್ರಶ್ನೆಯಲ್ಲ. ಯಾವ ಬಗೆಯ ಸಹಕಾರವು ಸಭೆಯನ್ನು ಕಟ್ಟಿತು, ಯಾವುದು ಅದನ್ನು ಪರಾವಲಂಬಿಯಾಗಿ ಇರಿಸಿತು ಎಂಬುದೇ ಪ್ರಶ್ನೆ. ವಿದ್ಯೆ ಎರಡೂ ದಿಕ್ಕಿನಲ್ಲಿ ಹರಿದು, ಕಲಿಯುವವರ ಭಾಷೆಯಲ್ಲಿ ನೆಲೆಯೂರಿದಾಗ ಸಹಕಾರ ಫಲ ಕೊಟ್ಟಿತು; ಹಣ, ಪರೀಕ್ಷೆ, ಭಾಷೆ ಈ ಮೂರೂ ಒಂದೇ ಕಡೆಯ ಕೈಯಲ್ಲಿ ಉಳಿದಾಗ ಅದು ನೆರವಾಯಿತೇ ಹೊರತು ಅನ್ಯೋನ್ಯತೆಯಾಗಲಿಲ್ಲ ಎಂಬುದನ್ನು ಈ ಲೇಖನದಲ್ಲಿ ತೋರಿಸಲು ಯತ್ನಿಸುತ್ತೇವೆ.

2. ಹಾಲೆ ಮತ್ತು ಬಾಸೆಲ್: ಸರಕಾರದ ಹೊರಗೆ ಹುಟ್ಟಿದ ಶಾಲೆಗಳು

ದಕ್ಷಿಣ ಭಾರತದ ಪ್ರಾಟೆಸ್ಟಂಟ್ ಸಭೆಗಳ ಮೊದಲ ಅಧ್ಯಾಯವೇ ಇದಕ್ಕೆ ಸಾಕ್ಷಿ. 1706ರಲ್ಲಿ ತರಂಗಂಬಾಡಿಗೆ ಬಂದ ಬಾರ್ತೊಲೊಮೇಯುಸ್ ಸೀಗೆನ್‌ಬಾಲ್ಗ್ ಅವರನ್ನು ಕಳುಹಿಸಿದವನು ಡೆನ್ಮಾರ್ಕಿನ ದೊರೆ. ಅವರು ವ್ಯಾಸಂಗ ಮಾಡಿದ್ದು ಜರ್ಮನಿಯ ಹಾಲೆಯಲ್ಲಿ. ಮುದ್ರಣಕ್ಕೂ ಪುಸ್ತಕಗಳಿಗೂ ನೆರವು ಬಂದದ್ದು ಲಂಡನ್ನಿನ ಕ್ರೈಸ್ತ ಜ್ಞಾನಪ್ರಸಾರ ಸಂಘದಿಂದ. ಮೂರು ದೇಶಗಳು, ಎರಡು ಸಭಾಸಂಪ್ರದಾಯಗಳು ಒಂದು ಕಾರ್ಯದಲ್ಲಿ ಕೂಡಿದ್ದವು.

ಕನ್ನಡ ನಾಡಿಗೆ ಹೆಚ್ಚು ಹತ್ತಿರವಾದ ಉದಾಹರಣೆ ಬಾಸೆಲ್. 1815ರಲ್ಲಿ ಸ್ಥಾಪನೆಯಾದ ಬಾಸೆಲ್ ಮಿಶನ್ ಯಾವುದೇ ಸರಕಾರದ ಅಂಗವಾಗಿರಲಿಲ್ಲ, ಒಂದು ನಿರ್ದಿಷ್ಟ ಸಭೆಯ ಇಲಾಖೆಯೂ ಆಗಿರಲಿಲ್ಲ. ಸ್ವಿಟ್ಜರ್ಲೆಂಡಿನ ನಗರವೊಂದರಲ್ಲಿ ನೆಲೆಗೊಂಡು, ಬಹುಪಾಲು ವಿದ್ಯಾರ್ಥಿಗಳನ್ನು ನೆರೆಯ ವುರ್ಟೆಂಬರ್ಗಿನ ಭಕ್ತಿಪಂಥೀಯ ಕುಟುಂಬಗಳಿಂದ ಪಡೆದು, ಲೂಥರನ್ ಮತ್ತು ರಿಫಾರ್ಮ್ಡ್ ಪರಂಪರೆಗಳೆರಡನ್ನೂ ಒಂದೇ ಛಾವಣಿಯ ಕೆಳಗೆ ತಂದ ಸ್ವಯಂಸೇವಾ ಸಂಘವದು. ಅದರ ಸೆಮಿನರಿ 1816ರಲ್ಲಿ ಆರಂಭವಾಯಿತು. ಕ್ರಿಸ್ಟಿಯನ್ ಗಾಟ್‌ಲೀಬ್ ಬ್ಲುಮ್‌ಹಾರ್ಟ್ ಅದರ ಮೊದಲ ಮೇಲ್ವಿಚಾರಕರು. ರೈತರ, ಕುಶಲಕರ್ಮಿಗಳ ಮನೆಗಳಿಂದ ಬಂದ ಯುವಕರಿಗೆ, ವಿಶ್ವವಿದ್ಯಾನಿಲಯದ ಬಾಗಿಲು ಸುಲಭವಾಗಿ ತೆರೆಯದ ಕಾಲದಲ್ಲಿ, ಈ ಶಾಲೆ ದೇವಶಾಸ್ತ್ರವನ್ನೂ ಭಾಷೆಗಳನ್ನೂ ಕಲಿಸಿತು.

ಆರಂಭದಲ್ಲಿ ಬಾಸೆಲ್‌ಗೆ ತನ್ನದೇ ಆದ ಸೇವಾಕ್ಷೇತ್ರಗಳಿರಲಿಲ್ಲ. ಇಲ್ಲಿ ತರಬೇತಿ ಪಡೆದವರು ಇತರ ಸಂಘಗಳ ಮೂಲಕ, ವಿಶೇಷವಾಗಿ ಲಂಡನ್ನಿನ ಚರ್ಚ್ ಮಿಶನರಿ ಸೊಸೈಟಿಯ ಮೂಲಕ, ಆಫ್ರಿಕಾ ಮತ್ತು ಏಷ್ಯಾಕ್ಕೆ ಹೋದರು. ಜರ್ಮನ್ ಭಾಷೆಯಲ್ಲಿ ಕಲಿತ ಲೂಥರನ್ ಯುವಕನು ಆಂಗ್ಲಿಕನ್ ಸಂಘದ ಸೇವಕನಾಗುತ್ತಿದ್ದನು. ಆದರೆ ಅಭಿಷೇಕವು ಯಾರಿಂದ, ಆರಾಧನಾಕ್ರಮ ಯಾರದು ಎಂಬ ಪ್ರಶ್ನೆಗಳು ಎರಡೂ ಸಂಘಗಳ ನಡುವೆ ಇರುಸುಮುರುಸು ತಂದವು. ಖಾಸಗಿ ಸಂಸ್ಥೆಗಳ ನಡುವಣ ಸಹಕಾರವು ಹೃದಯಗಳ ಐಕ್ಯದಿಂದ ಮಾತ್ರ ನಡೆಯುವುದಿಲ್ಲ, ಅಧಿಕಾರದ ಪ್ರಶ್ನೆಯನ್ನು ಅದು ಬಗೆಹರಿಸಲೇಬೇಕು ಎಂಬ ಪಾಠ ಅಂದೇ ಕಾಣಿಸಿಕೊಂಡಿತ್ತು.

3. ಬಲ್ಮಠ ಮತ್ತು ಆನಂದರಾವ್ ಕೌಂಡಿನ್ಯ

1833ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಸನ್ನದು ನವೀಕರಣಗೊಂಡಾಗ ಬ್ರಿಟಿಷರಲ್ಲದ ಮಿಶನರಿಗಳಿಗೂ ಇಲ್ಲಿ ನೆಲೆಸುವ ಹಾದಿ ಸುಗಮವಾಯಿತು. ಮರುವರ್ಷವೇ, 1834ರ ಅಕ್ಟೋಬರಿನಲ್ಲಿ, ಸಾಮ್ಯುವೆಲ್ ಹೆಬಿಕ್, ಯೋಹಾನ್ ಕ್ರಿಸ್ಟೋಫ್ ಲೇನರ್, ಕ್ರಿಸ್ಟಿಯನ್ ಲಿಯೊನಾರ್ಡ್ ಗ್ರೈನರ್ ಎಂಬ ಮೂವರು ಕಲ್ಲಿಕೋಟೆಯಲ್ಲಿ ಇಳಿದು ಮಂಗಳೂರನ್ನು ಸೇರಿದರು. 1836ರಲ್ಲಿ ಬಂದ ಹೆರ್ಮನ್ ಮೋಗ್ಲಿಂಗ್ ಟ್ಯೂಬಿಂಗೆನ್ನಿನಲ್ಲಿ ದೇವಶಾಸ್ತ್ರ ಓದಿದವರು. ಉಪದೇಶಕರ ತರಬೇತಿಗಾಗಿ ಅವರು ಆರಂಭಿಸಿದ ಕಾರ್ಯದಿಂದ ಬೆಳೆದದ್ದೇ ಮಂಗಳೂರಿನ ಬಲ್ಮಠದ ಸೆಮಿನರಿ. 1847 ಅದರ ಸ್ಥಾಪನೆಯ ವರ್ಷವೆಂದು ಎಣಿಸಲಾಗುತ್ತದೆ.

ಈ ಶಾಲೆಯನ್ನು ಬಾಸೆಲಿನ ನಕಲು ಎಂದು ಹೇಳಿಬಿಡುವುದು ಸುಲಭ. ಶಿಸ್ತು, ದಿನಚರಿ, ಅಧ್ಯಾಪಕರ ನೇಮಕ ಎಲ್ಲವೂ ಅಲ್ಲಿಂದಲೇ ಬಂದವು. ಅಂತಿಮ ತೀರ್ಮಾನಗಳು ಬಾಸೆಲಿನ ಸಮಿತಿಯ ಮೇಜಿನ ಮೇಲೆಯೇ ಆಗುತ್ತಿದ್ದವು. ಆದರೆ ಒಂದು ವಿಷಯದಲ್ಲಿ ಅದು ನಕಲಾಗಲಿಲ್ಲ: ಬೋಧನೆಯ ಭಾಷೆ ಕನ್ನಡವಾಗಿತ್ತು. ಕನ್ನಡದಲ್ಲಿ ಕಲಿಸಬೇಕಾದರೆ ಕನ್ನಡದಲ್ಲಿ ಪುಸ್ತಕಗಳು ಬೇಕು. ಅದಕ್ಕಾಗಿ 1841ರಲ್ಲಿ ಆರಂಭವಾಗಿದ್ದ ಬಾಸೆಲ್ ಮಿಶನ್ ಮುದ್ರಣಾಲಯವಿತ್ತು. ಪುಸ್ತಕ ಬರೆಯಬೇಕಾದರೆ ಭಾಷೆಯ ಆಳ ತಿಳಿಯಬೇಕು. ಅದಕ್ಕಾಗಿ ಮಿಶನರಿಗಳು ನಮ್ಮ ಪಂಡಿತರ ಎದುರು ವಿದ್ಯಾರ್ಥಿಗಳಾಗಿ ಕುಳಿತರು. 1843ರ ಜುಲೈ 1ರಂದು ಮೋಗ್ಲಿಂಗ್ ಹೊರತಂದ ‘ಮಂಗಳೂರ ಸಮಾಚಾರ’ ಮತ್ತು 1848ರಿಂದ ಅವರು ಪ್ರಕಟಿಸಿದ ‘ಬಿಬ್ಲಿಯೋಥೆಕಾ ಕರ್ನಾಟಿಕಾ’ ಮಾಲೆ ಇದೇ ಕಾಲದವು. ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳು ಅಚ್ಚಿನ ಮನೆಗೆ ಬಂದದ್ದು ಹೀಗೆ. ದೇವಶಾಸ್ತ್ರವನ್ನು ಕಲಿಸಲು ಬಂದವರು ವೀರಶೈವ ಮತ್ತು ಹರಿದಾಸ ಸಾಹಿತ್ಯವನ್ನು ಓದದೆ ಮುಂದೆ ಹೋಗಲಾರದ ಸ್ಥಿತಿಯನ್ನು ಕನ್ನಡವು ಉಂಟುಮಾಡಿತು.

ಈ ಸಹಕಾರದ ಇನ್ನೊಂದು ದಿಕ್ಕನ್ನು ತೋರಿಸುವ ವ್ಯಕ್ತಿ ಆನಂದರಾವ್ ಕೌಂಡಿನ್ಯ. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಕುಟುಂಬದ ಈ ಯುವಕ 1844ರ ಜನವರಿಯಲ್ಲಿ ಮೋಗ್ಲಿಂಗರಿಂದ ದೀಕ್ಷಾಸ್ನಾನ ಪಡೆದು ಹೆರ್ಮನ್ ಎಂಬ ಹೆಸರನ್ನು ಸೇರಿಸಿಕೊಂಡರು. ಊರಿನಲ್ಲಿ ದೊಡ್ಡ ಕೋಲಾಹಲವೆದ್ದಿತು. ಮುಂದೆ ಅವರು ಬಾಸೆಲಿಗೆ ಹೋಗಿ 1846ರಿಂದ 1851ರವರೆಗೆ ಅಲ್ಲಿನ ಸೆಮಿನರಿಯಲ್ಲಿ ವ್ಯಾಸಂಗ ಮಾಡಿ, ಅಭಿಷೇಕ ಹೊಂದಿ, ಬಾಸೆಲ್ ಮಿಶನ್ನಿನ ಮಿಶನರಿಯಾಗಿಯೇ ಹಿಂದಿರುಗಿದರು. ಮಂಗಳೂರಿನ ಸೆಮಿನರಿಯಲ್ಲಿ ಅಧ್ಯಾಪಕರಾದರು. 1860ರಲ್ಲಿ ವುರ್ಟೆಂಬರ್ಗಿನ ಮರೀ ರೈನ್‌ಹಾರ್ಟ್ ಅವರನ್ನು ವಿವಾಹವಾದರು. ಕೊಡಗಿನ ಆನಂದಪುರದ ಸಭೆಯ ಚರಿತ್ರೆಯಲ್ಲಿಯೂ ಅವರ ಹೆಸರು ಸೇರಿದೆ. 1893ರಲ್ಲಿ ತೀರಿಕೊಳ್ಳುವವರೆಗೂ ಅವರು ಸೇವೆಯಲ್ಲಿದ್ದರು.

ಕೌಂಡಿನ್ಯರ ಜೀವನವನ್ನು ನಾವು ಸಾಮಾನ್ಯವಾಗಿ ಮತಾಂತರದ ಕಥೆಯಾಗಿ ಓದುತ್ತೇವೆ. ಶಿಕ್ಷಣದ ಚರಿತ್ರೆಯಾಗಿಯೂ ಅದನ್ನು ಓದಬೇಕು. ಮಂಗಳೂರಿನ ವಿದ್ಯಾರ್ಥಿಯೊಬ್ಬನು ಯೂರೋಪಿನ ಖಾಸಗಿ ವಿದ್ಯಾಲಯದಲ್ಲಿ ಅಲ್ಲಿನವರ ಜೊತೆಗೆ ಸರಿಸಮವಾಗಿ ಕುಳಿತು ಕಲಿತು, ಮರಳಿ ತನ್ನ ಜನರಿಗೆ ತನ್ನ ಭಾಷೆಯಲ್ಲಿ ಕಲಿಸಿದ ಘಟನೆ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿಯೇ ನಡೆದಿತ್ತು. ದುಃಖದ ಮಾತೆಂದರೆ ಅದು ರೂಢಿಯಾಗಲಿಲ್ಲ; ಅವರ ಹಿಂದೆ ಅದೇ ಹಾದಿಯಲ್ಲಿ ಸಾಲುಸಾಲಾಗಿ ಕನ್ನಡಿಗರು ಬಾಸೆಲಿಗೆ ಹೋಗಲಿಲ್ಲ. ಒಬ್ಬ ಅಸಾಧಾರಣ ವ್ಯಕ್ತಿಗೆ ತೆರೆದ ಬಾಗಿಲು ಸಂಸ್ಥೆಯ ಬಾಗಿಲಾಗಲಿಲ್ಲ.

4. ವಿದ್ಯೆಯ ಗೌರವ ಯಾರಿಗೆ ಸಂದಿತು

ಕನ್ನಡದಿಂದ ಯೂರೋಪಿಗೆ ಹೋದ ವಿದ್ಯೆಯ ಪ್ರಮಾಣವೇನೂ ಕಡಿಮೆಯಲ್ಲ. 1858ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯವು ಮೋಗ್ಲಿಂಗರಿಗೆ ಗೌರವ ಡಾಕ್ಟರೇಟ್ ನೀಡಿತು. ಅದೇ ವಿಶ್ವವಿದ್ಯಾನಿಲಯ 1896ರಲ್ಲಿ ಫರ್ಡಿನಂಡ್ ಕಿಟೆಲ್ಲರನ್ನು ಗೌರವಿಸಿತು. 1850ರಲ್ಲಿ ಬಾಸೆಲ್ ಸೆಮಿನರಿ ಸೇರಿದ ಕಿಟೆಲ್ 1853ರಲ್ಲಿ ಭಾರತಕ್ಕೆ ಬಂದು, 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನೂ ಸಂಪಾದಿಸಿ, 1894ರಲ್ಲಿ ಕನ್ನಡ ಇಂಗ್ಲಿಷ್ ನಿಘಂಟನ್ನು ಹೊರತಂದರು. ಸೆಮಿನರಿಯಲ್ಲಿ ರೂಪುಗೊಂಡ ವಿದ್ವಾಂಸರೊಬ್ಬರು ಇಡೀ ನಾಡಿನ ಆಸ್ತಿಯಾದರು.

ಈ ಗೌರವಗಳಿಗೆ ಅವರು ಪಾತ್ರರು. ಅದರಲ್ಲಿ ಎರಡು ಮಾತಿಲ್ಲ. ಆದರೂ ಸೆಮಿನರಿಯ ಓದುಗರಾದ ನಾವು ಒಂದು ಪ್ರಶ್ನೆಯನ್ನು ಕೇಳಲೇಬೇಕು. ನಿಘಂಟಿನ ಪದಗಳಿಗೆ ಅರ್ಥ ಹೇಳಿದ, ತಾಳೆಗರಿಗಳನ್ನು ಓದಿಕೊಟ್ಟ ಕನ್ನಡಿಗ ಪಂಡಿತರೂ ಸಹಾಯಕರೂ ಆ ವಿದ್ವತ್ತಿನ ಸಹಭಾಗಿಗಳೇ. ವಿದ್ಯೆ ಎರಡೂ ದಿಕ್ಕಿನಲ್ಲಿ ಹರಿಯಿತು, ಪದವಿ ಒಂದೇ ದಿಕ್ಕಿನಲ್ಲಿ ಹೋಯಿತು. ಇದು ಯಾವುದೇ ಒಬ್ಬ ವ್ಯಕ್ತಿಯ ದೋಷವಲ್ಲ. ಸಹಕಾರದ ರಚನೆಯಲ್ಲಿಯೇ ಅಡಗಿದ್ದ ಕೊರತೆ.

ರೋಮನ್ ಕಥೋಲಿಕ ಪರಂಪರೆಯಲ್ಲಿಯೂ ಇದಕ್ಕೆ ಸಮಾನವಾದ ಚರಿತ್ರೆಯಿದೆ. ಇಟಲಿಯಿಂದ ಬಂದ ಯೇಸುಸಭೆಯವರು ಮಂಗಳೂರಿನಲ್ಲಿ 1880ರಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ಆರಂಭಿಸಿದರು. ಫ್ರೆಂಚ್ ಮಿಶನರಿಗಳು ಪಾಂಡಿಚೇರಿಯಲ್ಲಿ ಕಟ್ಟಿ ಬೆಳೆಸಿದ ಸೆಮಿನರಿ 1934ರಲ್ಲಿ ಬೆಂಗಳೂರಿಗೆ ಬಂದು ಸಂತ ಪೇತ್ರರ ಸೆಮಿನರಿಯಾಗಿ ನೆಲೆಸಿತು. ಅದರ ವಿವರವು ಪ್ರತ್ಯೇಕ ಲೇಖನವನ್ನೇ ಬೇಡುವುದರಿಂದ ಇಲ್ಲಿ ವಿಸ್ತರಿಸುವುದಿಲ್ಲ.

5. ಯುದ್ಧದ ಪರೀಕ್ಷೆ

ಸಹಕಾರದ ತಳಹದಿ ಎಷ್ಟು ಗಟ್ಟಿ ಎಂಬುದು ತಿಳಿದದ್ದು 1914ರಲ್ಲಿ. ಮಹಾಯುದ್ಧ ಆರಂಭವಾದಾಗ ಬಾಸೆಲ್ ಮಿಶನ್ನಿನ ಜರ್ಮನ್ ಪ್ರಜೆಗಳು ಬ್ರಿಟಿಷ್ ಸರಕಾರದ ಕಣ್ಣಿಗೆ ಶತ್ರುದೇಶದವರಾದರು. ಅನೇಕರನ್ನು ಅಹ್ಮದ್‌ನಗರದ ಬಂಧನ ಶಿಬಿರಕ್ಕೆ ಕಳುಹಿಸಲಾಯಿತು. ಬಳಿಕ ಗೋಲ್ಕೊಂಡಾ ಹಡಗಿನಲ್ಲಿ ಕುಟುಂಬ ಸಮೇತ ಯೂರೋಪಿಗೆ ಸಾಗಿಸಲಾಯಿತು. ಮಿಶನ್ನಿನ ಹೆಂಚು ಮತ್ತು ನೇಯ್ಗೆಯ ಉದ್ಯಮಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು. ಎರಡು ತಲೆಮಾರುಗಳಿಂದ ಅಧ್ಯಾಪಕರನ್ನೂ ಹಣವನ್ನೂ ಬಾಸೆಲಿನಿಂದಲೇ ನಿರೀಕ್ಷಿಸಿದ್ದ ಸಭೆ ಕೆಲವೇ ತಿಂಗಳುಗಳಲ್ಲಿ ಆಧಾರವಿಲ್ಲದೆ ನಿಂತಿತು.

ಆಗ ಸಭೆಯನ್ನು ಹೊತ್ತವರು ಇಲ್ಲಿನ ಸಭಾಪಾಲಕರು, ಉಪದೇಶಕರು, ಹಿರಿಯರು. ಕನ್ನಡದಲ್ಲಿ ತರಬೇತಿ ಪಡೆದ ಆ ಜನರಿಲ್ಲದಿದ್ದರೆ ಕರಾವಳಿಯ ಸಭೆಗಳು ಚದುರಿಹೋಗುತ್ತಿದ್ದವು. ಸ್ವಿಸ್ ಸ್ನೇಹಿತರೂ ವೆಸ್ಲಿಯನ್ ಮಿಶನ್ನಿನವರೂ ಕೆಲವು ಕ್ಷೇತ್ರಗಳಲ್ಲಿ ನೆರವಿಗೆ ಬಂದರು. ಇಲ್ಲಿ ಎರಡು ಸತ್ಯಗಳು ಒಟ್ಟಿಗೆ ಕಾಣುತ್ತವೆ. ಹಣ ಮತ್ತು ಆಡಳಿತದ ಅವಲಂಬನೆಯನ್ನು ಒಂದು ಸರಕಾರಿ ಆಜ್ಞೆ ಮುರಿಯಬಲ್ಲದು. ಜನರ ಭಾಷೆಯಲ್ಲಿ ಬೇರೂರಿದ ಶಿಕ್ಷಣವನ್ನು ಮುರಿಯುವುದು ಅಷ್ಟು ಸುಲಭವಲ್ಲ.

6. ಡೆನ್ಮಾರ್ಕಿನ ಸನ್ನದು ಮತ್ತು ಬೆಂಗಳೂರು

ಬಾಸೆಲ್ ಮಾದರಿಯಲ್ಲಿ ಸಂಬಂಧವು ಒಂದು ಸಂಘಕ್ಕೂ ಒಂದು ಕ್ಷೇತ್ರಕ್ಕೂ ನಡುವಿನದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬೇರೊಂದು ಮಾದರಿ ಮೂಡಿತು. 1910ರಲ್ಲಿ ಎಡಿನ್‌ಬರೋದಲ್ಲಿ ಜಾಗತಿಕ ಮಿಶನರಿ ಸಮ್ಮೇಳನ ಸೇರಿತು. ಅಲ್ಲಿ ವಿ. ಎಸ್. ಅಜರಯ್ಯ ಅವರು ಮಿಶನರಿಗಳ ತ್ಯಾಗವನ್ನು ಸ್ಮರಿಸಿ, ಭಾರತದ ಸಭೆಗೆ ಈಗ ಬೇಕಾಗಿರುವುದು ಸ್ನೇಹ ಎಂದು ಧೈರ್ಯದಿಂದ ಕೇಳಿಕೊಂಡರು. ಅದೇ ವರ್ಷ ಬೆಂಗಳೂರಿನಲ್ಲಿ ಯುನೈಟೆಡ್ ಥಿಯಲಾಜಿಕಲ್ ಕಾಲೇಜು ಆರಂಭವಾಯಿತು. ಲಂಡನ್ ಮಿಶನ್, ವೆಸ್ಲಿಯನ್ ಮಿಶನ್, ಸ್ಕಾಟ್ಲೆಂಡಿನ ಯುನೈಟೆಡ್ ಫ್ರೀ ಚರ್ಚ್, ಅಮೆರಿಕದ ಆರ್ಕಾಟ್ ಮಿಶನ್ ಮೊದಲಾದವು ಇದರಲ್ಲಿ ಕೈಜೋಡಿಸಿದವು. ಒಂದೊಂದಕ್ಕೂ ಪ್ರತ್ಯೇಕ ಕಾಲೇಜು ಕಟ್ಟುವ ಶಕ್ತಿಯಿಲ್ಲದ ಖಾಸಗಿ ಸಂಘಗಳು ಒಟ್ಟಾಗಿ ಒಂದನ್ನು ಕಟ್ಟಿದವು. ಆರಂಭದ ವರ್ಷಗಳಲ್ಲಿ, 1924ರವರೆಗೆ, ಅದನ್ನು ನಡೆಸಿದ ಪ್ರಾಂಶುಪಾಲರು ಡೆನ್ಮಾರ್ಕಿನ ಎಲ್. ಪಿ. ಲಾರ್ಸೆನ್.

ಈ ಕಾಲೇಜಿನ ಪದವಿಯ ಹಿಂದೆಯೂ ಡೆನ್ಮಾರ್ಕ್ ಇತ್ತು. ವಿಲಿಯಂ ಕೇರಿ, ಜೋಶುವಾ ಮಾರ್ಷ್‌ಮನ್, ವಿಲಿಯಂ ವಾರ್ಡ್ ಇವರು 1818ರಲ್ಲಿ ಸ್ಥಾಪಿಸಿದ ಸೆರಾಂಪುರ ಕಾಲೇಜು ಅಂದು ಡೆನ್ಮಾರ್ಕಿನ ಅಧೀನದ ನೆಲದಲ್ಲಿತ್ತು. 1827ರಲ್ಲಿ ದೊರೆ ಆರನೆಯ ಫ್ರೆಡರಿಕ್ ಅದಕ್ಕೆ ಪದವಿ ನೀಡುವ ಸನ್ನದನ್ನು ಕೊಟ್ಟನು. 1845ರಲ್ಲಿ ಸೆರಾಂಪುರ ಬ್ರಿಟಿಷರಿಗೆ ಹಸ್ತಾಂತರವಾದಾಗಲೂ ಆ ಹಕ್ಕನ್ನು ಕಾಯ್ದಿರಿಸಲಾಯಿತು. 1915ರಲ್ಲಿ ಮೊದಲ ಬಿ.ಡಿ. ಪದವಿಗಳು ದೊರೆತವು; 1918ರ ಬಂಗಾಳದ ಕಾಯಿದೆಯಿಂದ ವಿವಿಧ ಸಭೆಗಳ ಪ್ರತಿನಿಧಿಗಳುಳ್ಳ ಸೆನೆಟ್ ರೂಪುಗೊಂಡಿತು. ಹೀಗೆ ಬ್ಯಾಪ್ಟಿಸ್ಟರು ಕಟ್ಟಿದ ಕಾಲೇಜಿನ, ಲೂಥರನ್ ದೊರೆ ಕೊಟ್ಟ ಸನ್ನದಿನ ನೆರಳಿನಲ್ಲಿ ಇಂದಿಗೂ ನಮ್ಮ ವಿದ್ಯಾರ್ಥಿಗಳು ಪರೀಕ್ಷೆ ಬರೆಯುತ್ತಾರೆ. ವಿದೇಶೀ ಮೂಲದ ಹಕ್ಕು ಭಾರತೀಯ ಸಭೆಗಳ ಸಾಮಾನ್ಯ ಸ್ವತ್ತಾದುದು ಈ ಚರಿತ್ರೆಯ ಸಂತೋಷದ ಭಾಗ.

ಆದರೆ ಐಕ್ಯಕ್ಕೆ ಒಂದು ಬೆಲೆಯೂ ತೆರಬೇಕಾಯಿತು. ತಮಿಳು, ತೆಲುಗು, ಮಲಯಾಳ, ಕನ್ನಡ ವಿದ್ಯಾರ್ಥಿಗಳು ಕೂಡಿ ಕಲಿಯಬೇಕಾದ ಕಾಲೇಜಿನಲ್ಲಿ ಇಂಗ್ಲಿಷ್ ಬೋಧನಾ ಭಾಷೆಯಾಯಿತು. ಅನ್ಯಥಾ ಅದು ಸಾಧ್ಯವಿರಲಿಲ್ಲ. ಆದರೆ ಅದರೊಂದಿಗೆ ಒಂದು ಶ್ರೇಣಿಯೂ ನೆಲೆಗೊಂಡಿತು: ಉನ್ನತ ದೇವಶಾಸ್ತ್ರ ಇಂಗ್ಲಿಷಿನಲ್ಲಿ, ಉಪದೇಶಕರ ತರಬೇತಿ ಕನ್ನಡದಲ್ಲಿ. ಬಲ್ಮಠದಲ್ಲಿ ಆರಂಭವಾದ ಕನ್ನಡ ದೇವಶಾಸ್ತ್ರದ ಭಾಷೆ ಬೆಳೆಯಬೇಕಾದ ಕಾಲದಲ್ಲಿ ಕೆಳಗಿನ ಮೆಟ್ಟಿಲಿನಲ್ಲಿ ನಿಂತಿತು.

7. ನಿಧಿ, ಸಂದರ್ಭ ಮತ್ತು ಕರ್ನಾಟಕ ಥಿಯಲಾಜಿಕಲ್ ಕಾಲೇಜು

1954ರಲ್ಲಿ ಜೆ. ರಸೆಲ್ ಚಂದ್ರನ್ ಅವರು ಬೆಂಗಳೂರಿನ ಕಾಲೇಜಿನ ಮೊದಲ ಭಾರತೀಯ ಪ್ರಾಂಶುಪಾಲರಾದರು. ಕೆಲವೇ ವರ್ಷಗಳಲ್ಲಿ ಜಾಗತಿಕ ಮಟ್ಟದಲ್ಲಿಯೂ ಬದಲಾವಣೆ ಬಂದಿತು. ಘಾನಾ ದೇಶದಲ್ಲಿ 1957ರ ಕೊನೆಯಲ್ಲಿ ಆರಂಭವಾದ ಅಂತರರಾಷ್ಟ್ರೀಯ ಮಿಶನರಿ ಪರಿಷತ್ತಿನ ಸಭೆಯು ದೇವಶಾಸ್ತ್ರ ಶಿಕ್ಷಣ ನಿಧಿಯನ್ನು ಸ್ಥಾಪಿಸಿತು. 40 ಲಕ್ಷ ಡಾಲರುಗಳ ಈ ನಿಧಿಯ ಅರ್ಧ ಭಾಗ ರಾಕ್‌ಫೆಲ್ಲರ್ ಕುಟುಂಬದ ದತ್ತಿಯಿಂದ, ಉಳಿದರ್ಧ ಅಮೆರಿಕದ ಮಿಶನ್ ಮಂಡಲಿಗಳಿಂದ ಬಂದಿತು. ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕಗಳ ಸೆಮಿನರಿಗಳ ಗ್ರಂಥಾಲಯ, ಪಠ್ಯಪುಸ್ತಕ, ಅಧ್ಯಾಪಕರ ಉನ್ನತ ವ್ಯಾಸಂಗ ಇವುಗಳಿಗೆ ಅದು ನೆರವಾಯಿತು.

ಆರಂಭದಲ್ಲಿ ಪಾಶ್ಚಾತ್ಯ ಗುಣಮಟ್ಟವನ್ನು ಮುಟ್ಟುವುದೇ ಗುರಿಯಾಗಿತ್ತು. 1970ರ ಹೊತ್ತಿಗೆ ಅದೇ ನಿಧಿಯೊಳಗಿನಿಂದ ಬೇರೆ ಧ್ವನಿ ಬಂದಿತು. ತೈವಾನಿನ ಶೋಕಿ ಕೋ ಅವರ ನೇತೃತ್ವದಲ್ಲಿ 1972ರಲ್ಲಿ ‘ಸಂದರ್ಭೀಕರಣ’ ಎಂಬ ಪರಿಕಲ್ಪನೆ ಮುಂದಕ್ಕೆ ಬಂದು, ದೇವಶಾಸ್ತ್ರ ಶಿಕ್ಷಣವನ್ನು ಅಳೆಯುವ ಗಜಕಡ್ಡಿಯೇ ಬದಲಾಯಿತು. ಹಣ ಪಡೆಯುತ್ತಿದ್ದ ಕಡೆಯವರು ಪ್ರಶ್ನೆ ಕೇಳುವವರಾದರು. ಸಹಕಾರವು ಪ್ರೌಢವಾಗುವ ಗಳಿಗೆ ಅದು.

ಯೂರೋಪಿನ ವಿದ್ವಾಂಸರಲ್ಲಿಯೂ ಇದನ್ನು ಅರಿತವರಿದ್ದರು. ಬೆಂಗಳೂರಿನಲ್ಲಿ ಸಭಾಚರಿತ್ರೆ ಕಲಿಸಿದ ಡೆನ್ಮಾರ್ಕಿನ ಕಾಯ್ ಬಾಗೋ 1969ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಮಿಶನರಿಗಳ ಚರಿತ್ರೆಯ ನೆರಳಿನಲ್ಲಿ ಮರೆಯಾಗಿದ್ದ ಭಾರತೀಯ ಕ್ರೈಸ್ತ ಚಿಂತಕರನ್ನು ಬೆಳಕಿಗೆ ತಂದರು. ಹೊರಗಿನಿಂದ ಬಂದ ಅಧ್ಯಾಪಕನು ನಮಗೆ ತನ್ನ ಚರಿತ್ರೆಯನ್ನು ಕಲಿಸದೆ ನಮ್ಮ ಚರಿತ್ರೆಯನ್ನು ನಮಗೆ ಹುಡುಕಿಕೊಟ್ಟ ಉದಾಹರಣೆಯಿದು.

ಕನ್ನಡದ ಮಟ್ಟಿಗೆ 1965 ಮುಖ್ಯವಾದ ವರ್ಷ. ಮಂಗಳೂರಿನ ಬಾಸೆಲ್ ಪರಂಪರೆಯ ಸೆಮಿನರಿಯೂ ತುಮಕೂರಿನ ಯೂನಿಯನ್ ಕನ್ನಡ ಸೆಮಿನರಿಯೂ ಕೂಡಿ ಬಲ್ಮಠದಲ್ಲಿ ಕರ್ನಾಟಕ ಥಿಯಲಾಜಿಕಲ್ ಕಾಲೇಜಾಯಿತು. ಕರಾವಳಿಯೂ ಹಳೆಯ ಮೈಸೂರು ಸೀಮೆಯೂ, ಜರ್ಮನ್ ಸ್ವಿಸ್ ಪರಂಪರೆಯೂ ಬ್ರಿಟಿಷ್ ಪರಂಪರೆಯೂ ಒಂದೇ ಕನ್ನಡ ತರಗತಿಯಲ್ಲಿ ಕುಳಿತವು. ಯೂರೋಪಿನ ಸಂಘಗಳು ತಮ್ಮತಮ್ಮೊಳಗೆ ಸಾಧಿಸಲಾಗದಿದ್ದ ಐಕ್ಯವನ್ನು ಅವುಗಳ ಮಕ್ಕಳು ಕನ್ನಡದಲ್ಲಿ ಸಾಧಿಸಿದರು.

8. ಇಂದಿನ ಒಪ್ಪಂದಗಳನ್ನು ಅಳೆಯುವ ಬಗೆ

ಈ ಚರಿತ್ರೆಯಿಂದ ದೊರೆಯುವ ಅಳತೆಗೋಲು ಅಪೊಸ್ತಲನಾದ ಪೌಲನಲ್ಲಿಯೂ ಇದೆ. ಯೆರೂಸಲೇಮಿನ ಬಡ ದೇವಜನರಿಗಾಗಿ ಹಣ ಕೂಡಿಸುವಾಗ ಅವನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ ಎಂಟನೆಯ ಅಧ್ಯಾಯದಲ್ಲಿ ದಾನದ ಗುರಿಯನ್ನು ಸಮಾನತ್ವವೆಂದು ಹೇಳುತ್ತಾನೆ: ಇಂದು ಒಬ್ಬರ ಸಮೃದ್ಧಿ ಇನ್ನೊಬ್ಬರ ಕೊರತೆಯನ್ನು ತುಂಬಿದರೆ, ನಾಳೆ ಅವರ ಸಮೃದ್ಧಿ ಇವರ ಕೊರತೆಯನ್ನು ತುಂಬಬೇಕು. ಕೊಡುವವನು ಸದಾ ಕೊಡುವವನಾಗಿ, ಪಡೆಯುವವನು ಸದಾ ಪಡೆಯುವವನಾಗಿ ಉಳಿಯುವ ಸಂಬಂಧಕ್ಕೆ ಪೌಲನ ಲೆಕ್ಕದಲ್ಲಿ ಸ್ಥಾನವಿಲ್ಲ.

ಇಂದು ಯೂರೋಪಿಗೂ ಕೊರತೆಯಿದೆ. ಅಲ್ಲಿ ದೇವಶಾಸ್ತ್ರದ ವಿದ್ಯಾರ್ಥಿಗಳ ಸಂಖ್ಯೆ ಕುಗ್ಗುತ್ತಿದೆ. ಸಭೆಗಳ ಆಶ್ರಯದ ಸ್ವತಂತ್ರ ವಿದ್ಯಾಲಯಗಳ ಬೆಲೆಯನ್ನು ಅವರು ಕಷ್ಟದ ಕಾಲದಲ್ಲಿ ಕಂಡಿದ್ದರು. 1935ರಲ್ಲಿ ವುಪ್ಪರ್ಟಾಲಿನಲ್ಲಿ ತಲೆಯೆತ್ತಿದ ಸಭೆಯ ವಿದ್ಯಾಲಯವನ್ನು ನಾತ್ಸಿ ಆಡಳಿತ ನಿಷೇಧಿಸಿತ್ತು. ಅನೇಕ ಧರ್ಮಗಳ ನಡುವೆ ಅಲ್ಪಸಂಖ್ಯಾತರಾಗಿ ಬಾಳುತ್ತ ಸಾಕ್ಷಿ ನೀಡುವುದು ಹೇಗೆಂಬುದು ಅವರಿಗೆ ಹೊಸ ಪ್ರಶ್ನೆ, ನಮಗೆ ದಿನನಿತ್ಯದ ಬದುಕು. ಕಲಿಸಲು ನಮ್ಮಲ್ಲಿಯೂ ಉಂಟು.

ಆದುದರಿಂದ ಯಾವುದೇ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಮೂರು ಪ್ರಶ್ನೆಗಳನ್ನು ಕೇಳುವುದು ಯೋಗ್ಯವೆಂದು ನಮಗೆ ತೋರುತ್ತದೆ. ಪಠ್ಯಕ್ರಮವನ್ನು ಇಬ್ಬರೂ ಸೇರಿ ರೂಪಿಸುತ್ತಾರೆಯೇ? ಹೋಗುವ ವಿದ್ಯಾರ್ಥಿಗಳಂತೆ ಬರುವ ವಿದ್ಯಾರ್ಥಿಗಳೂ ಇದ್ದಾರೆಯೇ, ಬಂದವರು ಒಂದಿಷ್ಟು ಕನ್ನಡ ಕಲಿಯುತ್ತಾರೆಯೇ? ನೆರವಿನ ಹಣ ನಿಂತ ಮೇಲೂ ಉಳಿಯುವಂಥದ್ದು ಏನು?

ಮೂರನೆಯ ಪ್ರಶ್ನೆಗೆ ಒಂದು ಸ್ಪಷ್ಟ ಉತ್ತರ ನಮ್ಮ ಕೈಯಲ್ಲಿದೆ. ಬಾಸೆಲ್ ಮಿಶನ್ನಿನ ದಾಖಲೆಗಳು ಇಂದು 2001ರಲ್ಲಿ ರೂಪುಗೊಂಡ ಮಿಶನ್ 21 ಸಂಸ್ಥೆಯ ಆಶ್ರಯದಲ್ಲಿ ಬಾಸೆಲಿನಲ್ಲಿವೆ. ನಮ್ಮ ಊರುಗಳ, ನಮ್ಮ ಸಭೆಗಳ, ನಮ್ಮ ಹಿರಿಯರ ವರದಿಗಳು ಅಲ್ಲಿ ಹಳೆಯ ಜರ್ಮನ್ ಕೈಬರಹದಲ್ಲಿವೆ. ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯವು ಹೆರ್ಮನ್ ಗುಂಡರ್ಟರ ಸಂಗ್ರಹವನ್ನು ಡಿಜಿಟಲ್ ರೂಪದಲ್ಲಿ ಎಲ್ಲರಿಗೂ ತೆರೆದಿಟ್ಟಿದೆ. ಆದರೆ ಜರ್ಮನ್ ಭಾಷೆಯನ್ನೂ ಆ ಲಿಪಿಯನ್ನೂ ಓದಬಲ್ಲ ಕನ್ನಡ ಸೆಮಿನರಿ ವಿದ್ಯಾರ್ಥಿಗಳು ಎಷ್ಟು ಮಂದಿ? ಪ್ರತಿ ಒಪ್ಪಂದದಲ್ಲಿಯೂ ಇಬ್ಬರು ವಿದ್ಯಾರ್ಥಿಗಳಿಗೆ ಈ ಓದನ್ನು ಕಲಿಸಿ, ಆ ದಾಖಲೆಗಳನ್ನು ಕನ್ನಡಕ್ಕೆ ತರುವ ಕಾರ್ಯವನ್ನು ಸೇರಿಸಿದರೆ, ಕೌಂಡಿನ್ಯರಿಗೆ ಮಾತ್ರ ತೆರೆದಿದ್ದ ಬಾಗಿಲು ಮತ್ತೆ ತೆರೆದಂತಾಗುತ್ತದೆ.

ಇನ್ನೊಂದು ಮಾತು. ದೂರದ ಸಹಕಾರವನ್ನು ಅರಸುವವರು ಹತ್ತಿರದ್ದನ್ನು ಮರೆಯಬಾರದು. ಮೈಸೂರಿನ ಬೋಗಾದಿಯಲ್ಲಿರುವವರಿಗೆ ಮಾನಸಗಂಗೋತ್ರಿ ನೆರೆಯ ಅಂಗಳವೇ ಸರಿ. ಅಲ್ಲಿ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆಯಿದೆ. ಕ್ರೈಸ್ತಧರ್ಮದ ಅಧ್ಯಯನಕ್ಕೆ ವಿಭಾಗವೂ ಇದೆ. ಹಳಗನ್ನಡ ಓದಬಲ್ಲ ದೇವಶಾಸ್ತ್ರಿಯನ್ನು ಟ್ಯೂಬಿಂಗೆನ್ ನಮಗಾಗಿ ತಯಾರಿಸಲಾರದು. ಅದು ಬೋಗಾದಿ ರಸ್ತೆಯ ಬದಿಯಲ್ಲಿಯೇ ಆಗಬೇಕಾದ ಕೆಲಸ. ಮೋಗ್ಲಿಂಗ್ ಮತ್ತು ಕಿಟೆಲ್ ಈ ನೆಲದ ಪಂಡಿತರ ಬಳಿ ಕುಳಿತು ಕಲಿತದ್ದನ್ನು ನಾವು ನಮ್ಮ ನೆರೆಯಲ್ಲಿಯೇ ಕಲಿಯದೆ ಹೋದರೆ, ಯೂರೋಪಿನವರು ನಮ್ಮೊಡನೆ ಕೂಡಿ ಕಲಿಯಲು ಬಂದ ದಿನ ಅವರ ಮುಂದೆ ಇಡಲು ನಮ್ಮಲ್ಲಿ ಏನೂ ಇರುವುದಿಲ್ಲ.